ಮುಚ್ಚಿದ ಲ್ಯಾಪ್‌ಟಾಪ್ ಕಾಯದಂತೆ ಇಡುವುದು ಹೇಗೆ?

ದೊಡ್ಡ ಮಾನಿಟರ್ ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಮೂಲೆಗೆ ತಳ್ಳುವುದು ಎಲ್ಲರೂ ಮಾಡುವುದೇ. ತಪ್ಪೇನಿಲ್ಲ. ಆದರೆ ಅದರ ಮೇಲೆ ನಾಲ್ಕು ಪುಸ್ತಕ ಪೇರಿಸಿ, ಸಂಜೆ ಹೊತ್ತಿಗೆ "ಫ್ಯಾನ್ ಕಿರುಚ್ತಿದೆ, ಎಲ್ಲಾ ಸ್ಲೋ ಆಗಿದೆ" ಅಂತ ಫೋನ್ ಮಾಡುವವರನ್ನು ತುಂಬಾ ನೋಡಿದ್ದೇನೆ.

ಮೊದಲು ಸೆಟ್ಟಿಂಗ್. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ಅಲ್ಲಿ ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವ ಆಯ್ಕೆ. 'ಪ್ಲಗ್ಡ್ ಇನ್' ಕೆಳಗೆ 'ಡು ನಥಿಂಗ್' ಹಾಕಿ. 'ಆನ್ ಬ್ಯಾಟರಿ' ಕೆಳಗೆ ಮಾತ್ರ 'ಸ್ಲೀಪ್' ಇರಲೇಬೇಕು. ನಾನು ಒಮ್ಮೆ ಎರಡಕ್ಕೂ ಡು ನಥಿಂಗ್ ಹಾಕಿ, ಹಾಗೇ ಬ್ಯಾಗಿಗೆ ತುರುಕಿ ಬಸ್ ಹತ್ತಿದ್ದೆ. ಇಳಿಯುವಾಗ ಬೆನ್ನಿಗೆ ಬಿಸಿ ತಾಗುತ್ತಿತ್ತು, ಬ್ಯಾಟರಿ ಪೂರ್ತಿ ಖಾಲಿ. ಮ್ಯಾಕ್‌ಬುಕ್‌ಗೆ ಈ ಗೋಜಿಲ್ಲ. ಚಾರ್ಜರ್, ಮಾನಿಟರ್, ಹೊರಗಿನ ಕೀಬೋರ್ಡ್, ಮೌಸ್ ಸಿಕ್ಕಿಸಿ ಮುಚ್ಚಿದರೆ ಆಯಿತು.

ಎಲ್ಲರೂ ಎಡವುವುದು ಗಾಳಿಯ ವಿಷಯದಲ್ಲಿ. ಸಾಮಾನ್ಯವಾಗಿ ತಣ್ಣನೆಯ ಗಾಳಿ ತಳದ ಸೀಳುಗಳಿಂದ ಒಳಗೆ ಹೋಗುತ್ತದೆ. ಬಿಸಿ ಗಾಳಿ ಪಕ್ಕದಿಂದಲೋ, ಹಿಂದಿನ ಹಿಂಜ್ (ಮುಚ್ಚಳದ ಕೀಲು) ಹತ್ತಿರದಿಂದಲೋ ಹೊರಬರುತ್ತದೆ. ನಿಮ್ಮದರಲ್ಲಿ ಎಲ್ಲಿಂದ ಅಂತ ಊಹಿಸಬೇಡಿ, ಪರೀಕ್ಷೆ ಮಾಡಿ. ಟಿಶ್ಯೂ ಪೇಪರ್‌ನ ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಫ್ಯಾನ್ ಜೋರಾಗಿ ತಿರುಗುತ್ತಿರುವಾಗ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದು ಸಾಗಿ. ಪಟ್ಟಿ ಎಲ್ಲಿ ಪಟಪಟ ಅನ್ನುತ್ತದೋ ಅದೇ ಬಿಸಿ ಬಾಗಿಲು. ಈಗ ಮುಚ್ಚಳ ಮುಚ್ಚಿ ಅಲ್ಲೇ ಮತ್ತೆ ಹಿಡಿಯಿರಿ. ಪಟ್ಟಿ ಅಲುಗಾಡುವುದು ಕಡಿಮೆಯಾದರೆ ಮುಚ್ಚಳವೇ ದಾರಿಗೆ ಅಡ್ಡ ಬರುತ್ತಿದೆ ಎಂದರ್ಥ. ಅಂಥ ಮಾಡೆಲ್‌ಗಳನ್ನು ಪೂರ್ತಿ ಮುಚ್ಚಲೇಬೇಡಿ, ಅರ್ಧ ತೆರೆದಿಟ್ಟು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆ ಸ್ಕ್ರೀನ್ ಮಾತ್ರ ಆಫ್ ಮಾಡಿ, ಕೆಲಸ ನಡೆಯುತ್ತದೆ, ಸ್ಕ್ರೀನ್‌ಗೂ ಬಿಸಿ ಕಡಿಮೆ ಹೊಡೆಯುತ್ತದೆ.

ಗಾಳಿಗೆ ಅಡ್ಡಿ ಇಲ್ಲದಿದ್ದರೆ ನಿಲ್ಲಿಸಿ ಇಡುವ ಸ್ಟ್ಯಾಂಡ್ ತಗೊಳ್ಳಿ. ತಳ, ಮುಚ್ಚಳ ಎರಡಕ್ಕೂ ಗಾಳಿ ಸಿಗುತ್ತದೆ. ಬಿಸಿ ಬಾಗಿಲು ಹಿಂಜ್‌ನಲ್ಲಿದ್ದರೆ ಹಿಂಜ್ ಮೇಲಕ್ಕಿರಲಿ, ಯಾವ ಕಿಂಡಿಯೂ ಸ್ಟ್ಯಾಂಡ್‌ನ ಹಲ್ಲಿಗೆ ಸಿಕ್ಕಬಾರದು. ಸ್ಟ್ಯಾಂಡ್ ಬೇಡವಾ? ತಳದ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಕೊಟ್ಟರೂ ಸಾಕು. ನೀಲಿ ದೀಪದ ಅಗ್ಗದ ಕೂಲಿಂಗ್ ಪ್ಯಾಡ್‌ಗೆ ಮಾತ್ರ ದುಡ್ಡು ಹಾಕಬೇಡಿ. ಅದರ ಫ್ಯಾನ್ ನಿಮ್ಮ ಲ್ಯಾಪ್‌ಟಾಪ್‌ನ ಸೀಳಿನ ಕೆಳಗೆ ಬರದಿದ್ದರೆ ಸುಮ್ನೆ ಸದ್ದು ಅಷ್ಟೇ. ಹಾಸಿಗೆ, ದಿಂಬು ಅಂತೂ ಬೇಡವೇ ಬೇಡ.

ಆಮೇಲೂ ಕಾಯುತ್ತಿದ್ದರೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ನೋಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಕಾಣುವುದಿಲ್ಲ. ಇದ್ದರೆ 100 ಇರುವುದನ್ನು 99 ಮಾಡಿ. ಇಂಟೆಲ್ ಚಿಪ್‌ಗಳಲ್ಲಿ ಟರ್ಬೊ, ಅಂದರೆ ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ, ಬಿಸಿ ಇಳಿಯುತ್ತದೆ. ಟೈಪಿಂಗ್, ಎಕ್ಸೆಲ್ ಕೆಲಸಕ್ಕೆ ನನಗಂತೂ ವ್ಯತ್ಯಾಸವೇ ಗೊತ್ತಾಗಿಲ್ಲ. ವಿಡಿಯೊ ಎಡಿಟ್ ಮಾಡುವವರು ಹಾಗೇ ಬಿಡಿ.

ಇಡೀ ದಿನ ಚಾರ್ಜರ್‌ನಲ್ಲೇ ಇರುವುದರಿಂದ, ಸೌಲಭ್ಯ ಇದ್ದರೆ ಚಾರ್ಜ್ ಮಿತಿ 80ಕ್ಕೆ ಇಡಿ. ಬಿಸಿ ಮತ್ತು ಪೂರ್ತಿ ಚಾರ್ಜ್ ಜೊತೆಗೂಡಿದರೆ ಬ್ಯಾಟರಿ ಬೇಗ ಸೊರಗುತ್ತದೆ. ಮ್ಯಾಕ್‌ಬುಕ್ ಬಳಸಲು ಆ್ಯಪಲ್ ಹೇಳುವ ಕೋಣೆಯ ತಾಪಮಾನ 10ರಿಂದ 35 ಡಿಗ್ರಿ. ಬೇಸಿಗೆಯ ಮಧ್ಯಾಹ್ನ 40 ದಾಟುವ ಕಲಬುರಗಿ, ರಾಯಚೂರಿನವರು ಆ ಹೊತ್ತಿನಲ್ಲಿ ಮುಚ್ಚಳ ತೆರೆದೇ ಕೆಲಸ ಮಾಡಿ.

ಧೂಳು ತೆಗೆಯುವಾಗ ಆಫ್ ಮಾಡಿ, ಏರ್ ಕ್ಯಾನ್‌ನಿಂದ (ಒತ್ತಿ ತುಂಬಿದ ಗಾಳಿಯ ಡಬ್ಬಿ) ಚಿಕ್ಕ ಚಿಕ್ಕದಾಗಿ ಊದಿ. ಫ್ಯಾನ್ ರೆಕ್ಕೆ ಗಿರ್ರನೆ ತಿರುಗಲು ಬಿಡಬೇಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ತಡೆದುಕೊಳ್ಳಿ.