ಗೇಮಿಂಗ್ ಮಾನಿಟರ್: ಮೊದಲು ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳಿ

ಚಿಕ್ಕಮಗಳೂರಿನ ಗೆಳೆಯರೇ, ಮಾನಿಟರ್ ಕೊಳ್ಳಲು ಹೊರಡುವ ಮುನ್ನ ನಿಮ್ಮ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರಗಳನ್ನು ತಯಾರಿಸುವ ಕಂಪ್ಯೂಟರ್ ಭಾಗ) ಯಾವುದೆಂದು ನೋಡಿಕೊಳ್ಳಿ. 1440ಪಿ, ಅಂದರೆ ಎತ್ತರಕ್ಕೆ 1440 ಸಾಲು ಚುಕ್ಕಿಗಳಿರುವ, ಪರದೆಯಲ್ಲಿರುವ ಪಿಕ್ಸೆಲ್‌ಗಳು 1080ಪಿಯ ಸುಮಾರು 1.8 ಪಟ್ಟು. ಸಾಧಾರಣ ಕಾರ್ಡ್ ಅಷ್ಟು ಭಾರ ಎಳೆಯಲಾರದು. ದುಬಾರಿ ಪರದೆಗೆ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಸಾಧಾರಣ ಕಾರ್ಡ್ ಇರುವವರಿಗೆ 24 ಇಂಚಿನ, 1080ಪಿ, 144 ಹರ್ಟ್ಸ್‌ನ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ) ಪರದೆ ಧಾರಾಳವಾಗಿ ಸಾಕು. 60 ಹರ್ಟ್ಸ್‌ನಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ದೊಡ್ಡ ಲಾಭವೆಲ್ಲ 60ರಿಂದ 144ಕ್ಕೆ ಹೋಗುವ ಮೊದಲ ಜಿಗಿತದಲ್ಲೇ ಇದೆ.

ಕಾರ್ಡ್ ಬಲವಾಗಿದ್ದು, ಕತ್ತಲೆಯ ದೃಶ್ಯಗಳಿರುವ ಆಟಗಳು ಇಷ್ಟವಿದ್ದರೆ ಓಎಲ್‌ಇಡಿ ಕೊಳ್ಳಿ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ನಿಜಕ್ಕೂ ಕಪ್ಪಾಗಿಯೇ ಕಾಣುತ್ತದೆ. ಆದರೆ ಅದೇ ಪರದೆಯಲ್ಲಿ ದಿನವಿಡೀ ಕಚೇರಿ ಕೆಲಸ ಮಾಡುವವರಿಗೆ ಅದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಟಾಸ್ಕ್‌ಬಾರ್‌ನಂಥ ಅಲುಗಾಡದ ಪಟ್ಟಿಗಳ ಅಚ್ಚು ಪರದೆಯ ಮೇಲೆ ಉಳಿದುಬಿಡಬಹುದು.

ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆಯಲ್ಲ, ಉಳಿದ ಹಣದಲ್ಲಿ ಒಳ್ಳೆಯ ಯುಪಿಎಸ್ ತನ್ನಿ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಿ.

ಮಾನಿಟರ್ ಜೋಡಿಸಿದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ (ಅದೇ ಹರ್ಟ್ಸ್ ಸಂಖ್ಯೆ) ನೋಡಿ. ಎಷ್ಟೋ ಸಲ ಅದು 60ರಲ್ಲೇ ನಿಂತಿರುತ್ತದೆ; 144 ಅನ್ನು ನೀವೇ ಆರಿಸಬೇಕು.