ಗಾಡಿ ನಿಜವಾಗ್ಲೂ ಬಿಟ್ಟಿದೆಯಾ?

ಪುಣೆ ಹತ್ತಿರದ ಚಾಕಣದ ನಮ್ಮ ಮಷೀನ್ ಶಾಪ್‌ಗೆ ಕಾಸ್ಟಿಂಗ್, ಅಂದ್ರೆ ಕರಗಿಸಿ ಅಚ್ಚಿಗೆ ಹೊಯ್ದ ಲೋಹದ ಭಾಗ, ಬರೋದು ಬೆಳಗಾವಿಯ ಫೌಂಡ್ರಿಗಳಿಂದ. ಅದಕ್ಕೆ ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ವಾಹನ ಕಂಪನಿಗಳಿಗೆ ಕೊಡುತ್ತೇವೆ. ಸ್ಟೋರ್ಸ್ ಮತ್ತು ಪ್ಲಾನಿಂಗ್ ನನ್ನ ಪಾಲಿಗೆ. ಮೊದಲೆಲ್ಲ ಅರ್ಧ ದಿನ ಫೌಂಡ್ರಿಯ ಕಾಕಾ ಜೊತೆ ಫೋನಿನಲ್ಲೇ ಹೋಗುತ್ತಿತ್ತು.

"ಕಾಕಾ, ಗಾಡಿ ಬಿಟ್ಟೀರೇನ್ರಿ?"

"ಹ್ಞೂಂ ರೀ, ಬಿಟ್ಟೈತಿ. ಇಷ್ಟೊತ್ತಿಗೆ ನಿಪ್ಪಾಣಿ ದಾಟಿರಬೇಕು."

ಗಾಡಿ ಇನ್ನೂ ಫೌಂಡ್ರಿ ಅಂಗಳದಲ್ಲೇ ಲೋಡ್ ಆಗುತ್ತಿದೆ ಅಂತ ನನಗೂ ಗೊತ್ತು, ಕಾಕಾಗೂ ಗೊತ್ತು.

ಸಪ್ಲೈ ಚೈನ್‌ಗೆ ಐಟಿ ಬಂತು ಅಂದ್ರೆ ಜನ ಮೊದಲು ಹೇಳೋದು ಇಆರ್‌ಪಿ, ಅಂದ್ರೆ ಕಂಪನಿಯ ಸ್ಟಾಕ್, ಖರೀದಿ, ಲೆಕ್ಕ ಎಲ್ಲ ಒಂದೇ ಕಡೆ ಇಡೋ ಸಾಫ್ಟ್‌ವೇರ್. ನಮ್ಮಲ್ಲೂ ಇತ್ತು. ಆದರೆ ಎಂಟ್ರಿ ಆಗುತ್ತಿದ್ದದ್ದು ಮಾಲು ಇಳಿಸಿ, ಚಲನ್ ಆಫೀಸಿಗೆ ಹೋದ ಮೇಲೆ. ಒಮ್ಮೊಮ್ಮೆ ಮಾರನೇ ದಿನ. ಹಾಗಾಗಿ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದು ನಿನ್ನೆಯ ಸ್ಟಾಕ್. ನನ್ನ ಕೇಳಿದರೆ, ನಮ್ಮ ಕೆಲಸವನ್ನು ನಿಜಕ್ಕೂ ಬದಲಾಯಿಸಿದ್ದು ತೆರಿಗೆಗೋಸ್ಕರ ಬಂದ ಇ-ವೇ ಬಿಲ್, ಅಂದ್ರೆ ಮಾಲು ಸಾಗಿಸೋಕೆ ಸರ್ಕಾರದ ಪೋರ್ಟಲ್‌ನಲ್ಲಿ ಮಾಡೋ ಬಿಲ್.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. 2018ರ ಏಪ್ರಿಲ್ 1ರಿಂದ, ರಾಜ್ಯ ದಾಟುವ ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕೇ ಬೇಕು. ಅದರಲ್ಲಿ ಎರಡು ಭಾಗ. ಪಾರ್ಟ್ ಎ ಅಂದ್ರೆ ಇನ್‌ವಾಯ್ಸ್, ಮಾಲು, ಯಾರಿಗೆ ಅನ್ನೋ ವಿವರ. ಪಾರ್ಟ್ ಬಿ ಅಂದ್ರೆ ಗಾಡಿ ನಂಬರ್. ಬಿ ತುಂಬಿದಾಗಲೇ ಬಿಲ್ಲಿನ ಅವಧಿ ಶುರು. ನಮ್ಮ ಜಿಎಸ್‌ಟಿ ನಂಬರ್ ಹಾಕಿ ಯಾರೇ ಬಿಲ್ ಮಾಡಲಿ, ನಮ್ಮ ಲಾಗಿನ್‌ನಲ್ಲೂ ಕಾಣುತ್ತದೆ.

ನನಗೆ ಇಷ್ಟು ಸಾಕಿತ್ತು. ಸಂಜೆ ಪೋರ್ಟಲ್ ತೆರೆದು ನೋಡೋದು ರೂಢಿ ಮಾಡಿಕೊಂಡೆ. ಬರೀ ಎ ಇದ್ದರೆ ಗಾಡಿ ಬಿಟ್ಟಿಲ್ಲ. "ಕಾಕಾ, ಪಾರ್ಟ್ ಬಿ ಎಲ್ಲಿ ಐತ್ರಿ?" ಅಂತ ಮೊದಲ ಸಲ ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಜೋರಾಗಿ ನಕ್ಕರು. "ಏ, ಎಲ್ಲಾ ಗೊತ್ತಾಗ್ತೈತಿ ಬಿಡ್ರಿ ನಿಮಗ."

ಇನ್ನೊಂದು ಲಾಭ ನಾನು ಅಂದುಕೊಂಡೇ ಇರಲಿಲ್ಲ. ಖಂಬಾಟ್ಕಿ ಘಾಟಿನಲ್ಲಿ ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಪಾರ್ಟ್ ಬಿ ಬದಲಿಸಬೇಕು. ಇಲ್ಲದಿದ್ದರೆ ಹಿಡಿದಾಗ ದಂಡ. ಹಾಗಾಗಿ ಟ್ರಾನ್ಸ್‌ಪೋರ್ಟಿನವರೇ ಈಗ ಮೊದಲು ಫೋನ್ ಮಾಡುತ್ತಾರೆ. ಮುಂಚೆ ಇಂಥ ಸುದ್ದಿ ನಮಗೆ ಮುಟ್ಟುತ್ತಿದ್ದದ್ದು ಲೈನ್ ನಿಲ್ಲೋ ಹೊತ್ತಿಗೆ.

ಬಿ ತುಂಬಿಯೂ ಗಾಡಿ ಢಾಬಾದಲ್ಲಿ ನಿಂತಿರಬಹುದು, ಅಲ್ವಾ? ಅದಕ್ಕೆ ಫಾಸ್ಟ್ಯಾಗ್. ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ: ಒಂದೊಂದು ಟೋಲಿನಲ್ಲಿ ದುಡ್ಡು ಕಟ್ ಆದಾಗ ಮಾಲೀಕರಿಗೆ ಮೆಸೇಜ್ ಬರುತ್ತದೆ. ಅವರು ಅದನ್ನೇ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಆನೇವಾಡಿ ಬಂತು ಅಂದ್ರೆ ನಾನು ಇಳಿಸೋ ಹುಡುಗರನ್ನು ಗೊತ್ತು ಮಾಡುತ್ತೇನೆ. ಇದಕ್ಕೆ ದುಬಾರಿ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ.

ಶೆಡ್ಡಿನೊಳಗಿನ ಕೆಲಸವೇ ಜಾಸ್ತಿ ಕಾಡಿದ್ದು. ಬಾರ್‌ಕೋಡ್ ಸ್ಕ್ಯಾನರ್ ತಂದೆವು. ಆದರೆ ಕಾಸ್ಟಿಂಗ್‌ಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಕಾಗದದ ಲೇಬಲ್ ಎರಡು ದಿನಕ್ಕೆ ಜಾರಿ ಬೀಳುತ್ತಿತ್ತು, ಉಳಿದದ್ದರ ಗೆರೆಗಳ ಮೇಲೆ ಕಪ್ಪು ಮಸಿ. ಇಂಡಿ ಕಡೆಯ ನಮ್ಮ ಸ್ಟೋರ್ಸ್ ಹುಡುಗ ಒಂದು ದಿನ ಲೇಬಲ್ಲನ್ನು ಲ್ಯಾಮಿನೇಟ್ ಮಾಡಿಸಿ, ತೂತು ಹಾಕಿ, ಕಾಸ್ಟಿಂಗ್ ತುಂಬೋ ಬಿನ್ನಿಗೆ ತಂತಿಯಲ್ಲಿ ಕಟ್ಟಿದ. "ಹೀಂಗ ಮಾಡಿದ್ರ ವರೆಸಿ ಸ್ಕ್ಯಾನ್ ಮಾಡಬಹುದಲ್ರಿ, ಸರ." ಅದೇ ಉಳಿಯಿತು. ಈಗ ಲೇಬಲ್ಲಿನಲ್ಲಿ ಹೀಟ್ ನಂಬರ್, ಅಂದ್ರೆ ಯಾವ ಸಲ ಕರಗಿಸಿದ ಲೋಹ ಅನ್ನೋ ಗುರುತು, ಕೂಡ ಇದೆ. ಯಾವುದಾದರೂ ಪೀಸಿನಲ್ಲಿ ಬ್ಲೋಹೋಲ್ (ಗಾಳಿ ಸೇರಿ ಆದ ತೂತು) ಸಿಕ್ಕರೆ ಅದೇ ಹೀಟಿನ ಉಳಿದ ಬಿನ್‌ಗಳನ್ನು ಕೂಡಲೇ ತಡೆಹಿಡಿಯುತ್ತೇವೆ. ಮೊದಲು ಇದಕ್ಕೆ ಇಡೀ ರಾಶಿ ಕೆದಕಬೇಕಿತ್ತು.

ಸ್ಟಾಕ್ ಎಷ್ಟಿದೆ ಅಂತ ನಿಖರವಾಗಿ ಗೊತ್ತಾದ ಮೇಲೆ ಮ್ಯಾನೇಜ್‌ಮೆಂಟ್‌ನವರು ಸ್ಟಾಕ್ ಇಳಿಸಿ ಅನ್ನತೊಡಗಿದರು. ಬೇಸಿಗೆಯಲ್ಲಿ ಇಳಿಸುತ್ತೇನೆ. ಮಳೆಗಾಲದಲ್ಲಿ ಒಪ್ಪುವುದಿಲ್ಲ. 2019ರ ಆಗಸ್ಟ್‌ನಲ್ಲಿ ಪಂಚಗಂಗೆಯ ನೀರು ಕೊಲ್ಹಾಪುರದ ಹತ್ತಿರ ಹೈವೇಗೇ ಬಂದು ದಿನಗಟ್ಟಲೆ ರಸ್ತೆ ಬಂದ್ ಆಗಿತ್ತು. 2021ರ ಜುಲೈನಲ್ಲಿ ಮತ್ತೆ ಹಾಗೇ ಆಯ್ತು. ಗಾಡಿ ಎಲ್ಲಿ ನಿಂತಿದೆ ಅಂತ ಮೊಬೈಲ್ ತೋರಿಸುತ್ತದೆ, ಸರಿ. ಅದನ್ನು ನೋಡುತ್ತಾ ಕೂತರೆ ಮಷೀನಿಗೆ ಕಾಸ್ಟಿಂಗ್ ಬರುತ್ತದೆಯೇ? ಜೂನ್ ಬರುವ ಮುಂಚೆಯೇ ಸಿಸ್ಟಮ್‌ನಲ್ಲಿ ಮಿನಿಮಮ್ ಸ್ಟಾಕ್ ಏರಿಸಿಬಿಡುತ್ತೇನೆ.

ಇನ್ನೂ ಕೈಗೆ ಸಿಗದಿರೋದು ಖಾಲಿ ಬಿನ್‌ಗಳ ಲೆಕ್ಕ. ನಾವು ವಾಪಸ್ ಕಳಿಸಿದ್ದಕ್ಕೂ ಅವರಿಗೆ ಮುಟ್ಟಿದ್ದಕ್ಕೂ ತಾಳೆಯೇ ಆಗೋದಿಲ್ಲ. ನಮ್ಮದು ಸೆಕ್ಯುರಿಟಿಯವರ ನೋಟ್‌ಬುಕ್ಕಿನಲ್ಲಿದೆ, ಅವರದು ಕಾಕಾನ ತಲೆಯಲ್ಲಿ. ತಿಂಗಳ ಕೊನೆಗೆ ಇಬ್ಬರೂ ಫೋನಿನಲ್ಲಿ ಜಗಳ ಆಡಿ, ಒಂದು ಸಂಖ್ಯೆಗೆ ಒಪ್ಪಿಕೊಳ್ಳುತ್ತೇವೆ.