ಸ್ಟೇನ್ ಕೆಟ್ಟಿತೇ? ಇಡೀ ಮೇಜು ಉಜ್ಜುವ ಮೊದಲು ಇಷ್ಟು ಮಾಡಿ ನೋಡಿ

ಮನೆಯಲ್ಲೇ ಮಾಡಿದ ಮೇಜಿಗೆ ಆಸೆಯಿಂದ ಸ್ಟೇನ್, ಅಂದರೆ ಮರದೊಳಗೆ ಇಳಿದು ಬಣ್ಣ ಕೊಡುವ ದ್ರವ, ಹಚ್ಚಿದ್ದೀರಿ. ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಕಪ್ಪು ಮಚ್ಚೆ, ಜೋಡಣೆಯ ಪಕ್ಕ ಬಿಳಿಚಿಕೊಂಡ ಕಲೆ, ಮುಟ್ಟಿದರೆ ಅಂಟು. ಆಗ ತುಂಬಾ ಜನ ಮೇಲಿನಿಂದ ಇನ್ನೊಂದು ಕೋಟ್ ಎಳೆದುಬಿಡುತ್ತಾರೆ. ದಯವಿಟ್ಟು ಬೇಡ. ತಪ್ಪಿನ ಕಾರಣ ಹುಡುಕಿದರೆ ಎಷ್ಟೋ ಸಲ ಒಂದು ಹಲಗೆಯಷ್ಟೇ ಕೆಲಸದಲ್ಲಿ ಮುಗಿಯುತ್ತದೆ. ಆದರೆ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ), ವಾರ್ನಿಶ್ ಹಚ್ಚುವ ಮೊದಲೇ ಸರಿಮಾಡಬೇಕು.

ಮೊದಲು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಎಣ್ಣೆ ಬೆರೆತ ಸ್ಟೇನ್ ಆದರೆ ಟರ್ಪೆಂಟೈನ್, ನೀರಿನ ಸ್ಟೇನ್ ಆದರೆ ನೀರು, ಥಿನ್ನರ್ ಬೇಕೆಂದಿದ್ದರೆ ಅದೇ ಥಿನ್ನರ್. ಬಣ್ಣ ಹಸಿಯಿರುವಾಗಲೇ ಜಾಸ್ತಿ ಗಾಢವಾಯಿತು ಅನಿಸಿದರೆ ಇದರಲ್ಲಿ ಅದ್ದಿದ ಹಳೆ ಬನಿಯನ್ ಬಟ್ಟೆಯಿಂದ ಮರದ ಎಳೆಯ ಉದ್ದಕ್ಕೆ ಒರೆಸಿ. ಸಾಕಷ್ಟು ಬಣ್ಣ ಎದ್ದು ಬರುತ್ತದೆ.

ಅಂಟುತ್ತಿದೆಯೇ? ಮರ ಕುಡಿಯದೆ ಉಳಿದ ಸ್ಟೇನನ್ನು ಒರೆಸದೆ ಬಿಟ್ಟಿದ್ದೇ ಕಾರಣ. ಎಣ್ಣೆಯ ಸ್ಟೇನ್ ಆದರೆ ಅದನ್ನೇ ತೆಳುವಾಗಿ ಮತ್ತೆ ಸವರಿ. ಹಳೆಯ ಪದರ ಮೆತ್ತಗಾಗುತ್ತದೆ. ಕೂಡಲೇ ಒಣ ಬಟ್ಟೆಯಿಂದ ಪೂರ್ತಿ ಒರೆಸಿ.

ಜೋಡಣೆಯ ಪಕ್ಕದ ಬಿಳಿ ಕಲೆ ಫೆವಿಕಾಲ್‌ನದು. ಅಂಟು ಕೂತ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ, ಎಷ್ಟು ಕೋಟ್ ಹಚ್ಚಿದರೂ ಅಷ್ಟೇ. ಉಳಿಯ ಚೂಪು ಅಂಚಿನಿಂದ ಮೆಲ್ಲಗೆ ಕೆರೆದು, 150ರ ಸ್ಯಾಂಡ್‌ಪೇಪರ್‌ನಿಂದ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನುಣುಪು) ಉಜ್ಜಿ, ಅಲ್ಲಿಗಷ್ಟೇ ಸ್ಟೇನ್ ಮುಟ್ಟಿಸಿ. ಮುಂದಿನ ಸಲ ಸ್ಟೇನ್‌ಗೆ ಮೊದಲು ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಅಂಟು ಇರುವ ಜಾಗ ತಿಳಿ ಬಣ್ಣದಲ್ಲಿ ಕಾಣುತ್ತದೆ.

ಎಲ್ಲಕ್ಕಿಂತ ಕಾಡುವುದು ಮಚ್ಚೆ. ಪ್ಯಾಕಿಂಗ್ ಪೆಟ್ಟಿಗೆಯಿಂದ ತೆಗೆದ ಪೈನ್ ಹಲಗೆಗಳಲ್ಲಿ ಇದು ಮಾಮೂಲು. ಮರ ಎಲ್ಲ ಕಡೆ ಒಂದೇ ಸಮ ಬಣ್ಣ ಕುಡಿಯುವುದಿಲ್ಲ, ಅದು ನಿಮ್ಮ ಕೈಯ ದೋಷವಲ್ಲ. ಆ ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ 120, ಆಮೇಲೆ 180ರಲ್ಲಿ ಉಜ್ಜಿ. ಮಚ್ಚೆ ಪೂರ್ತಿ ಹೋಗಬೇಕಿಲ್ಲ, ಕಣ್ಣಿಗೆ ಹೊಡೆಯದಷ್ಟು ಮಂಕಾದರೆ ಸಾಕು. ಒಂದು ಪಾಲು ಸ್ಯಾಂಡಿಂಗ್ ಸೀಲರ್‌ಗೆ ಎರಡು ಪಾಲು ಥಿನ್ನರ್ ಬೆರೆಸಿ ತೆಳುವಾಗಿ ಹಚ್ಚಿ. ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಸವರಿ, ಧೂಳು ತೆಗೆದು ಮತ್ತೆ ಸ್ಟೇನ್ ಹಚ್ಚಿ. ಬಣ್ಣ ಸ್ವಲ್ಪ ತಿಳಿಯಾಗಿ ಬರುತ್ತದೆ, ಆದರೆ ಸಮವಾಗಿ ಬರುತ್ತದೆ. ನನಗಂತೂ ಮಚ್ಚೆಯ ಕಡು ಬಣ್ಣಕ್ಕಿಂತ ಈ ತಿಳಿ ಬಣ್ಣವೇ ಚೆಂದ. ಮೊದಲು ಉಳಿದ ತುಂಡಿನ ಮೇಲೆ ಹಚ್ಚಿ ನೋಡುವುದನ್ನು ಮರೆಯಬೇಡಿ, ಆ ತುಂಡು ಅದೇ ಮರದ್ದಾಗಿರಲಿ.

ಪ್ಲೈವುಡ್ ಆದರೆ ಎಚ್ಚರ. ಮೇಲಿರುವ ಸಾಗುವಾನಿ ವೆನೀರ್ (ಅಂಟಿಸಿದ ಮರದ ಪದರ) ಒಂದು ಮಿಲಿಮೀಟರ್‌ಗಿಂತಲೂ ತೆಳು. ಜೋರಾಗಿ ಉಜ್ಜಿದರೆ ಕೆಳಗಿನ ಪದರ ಬಯಲಾಗುತ್ತದೆ, ಆಮೇಲೆ ರಿಪೇರಿ ಇಲ್ಲ. ಇಲ್ಲಿ ಮೆಷಿನ್ ಬೇಡವೇ ಬೇಡ, ಕೈಯಲ್ಲೇ 220.

ಅಡ್ಡ ಗೀರುಗಳು ಎದ್ದು ಕಾಣುತ್ತಿದ್ದರೆ ಎಳೆಗೆ ಅಡ್ಡವಾಗಿ ಉಜ್ಜಿದ್ದೀರಿ ಎಂದರ್ಥ. ಎಳೆಯ ಉದ್ದಕ್ಕೆ ಉಜ್ಜಿ ಮತ್ತೆ ಹಚ್ಚಬೇಕು, ಬೇರೆ ದಾರಿಯಿಲ್ಲ. ಹಲಗೆಯ ಕೊಯ್ದ ತುದಿ ಕಪ್ಪಾಗಿದ್ದರೆ ಅದನ್ನು ಉಳಿದ ಭಾಗಕ್ಕಿಂತ ನುಣ್ಣಗೆ ಉಜ್ಜಿ, ಆಗ ಅದು ಕಡಿಮೆ ಕುಡಿಯುತ್ತದೆ.

ಮೊಳೆಯ ಸುತ್ತ ನೀಲಿಗಪ್ಪು ಕಲೆ ಸ್ಟೇನ್‌ನದಲ್ಲ. ಜಾಲಿಯಂಥ ಒಗರು ಜಾಸ್ತಿ ಇರುವ ಮರಕ್ಕೆ ಕಬ್ಬಿಣ, ನೀರು ಎರಡೂ ತಗುಲಿದರೆ ಹೀಗಾಗುತ್ತದೆ. ಅಲ್ಲಿನ ಬಣ್ಣ ಉಜ್ಜಿ ತೆಗೆದು, ಬಿಸಿನೀರಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಹಲಗೆಗೆಲ್ಲ ಸವರಿ. ಕಲೆ ಹೋದ ಮೇಲೆ ಹಲವು ಸಲ ನೀರಿನಿಂದ ಒರೆಸಿ ಒಣಗಿಸಿ. ಇದು ವಿಷ. ಕೈಗವಸು, ಕನ್ನಡಕ ಹಾಕಿ, ಮಕ್ಕಳನ್ನು ದೂರವಿಡಿ. ತೊಳೆಯದೆ ಉಜ್ಜಬೇಡಿ, ಧೂಳು ಮೂಗಿಗೆ ಹೋದರೆ ಉರಿಯುತ್ತದೆ.

ಮಳೆಗಾಲದಲ್ಲಿ ಲ್ಯಾಕರ್ (ಸ್ಟೇನ್ ಮೇಲೆ ಹಚ್ಚುವ ಹೊಳಪಿನ ಪಾರದರ್ಶಕ ಲೇಪ) ಹಚ್ಚಿದಾಗ ಬಿಳಿ ಮಂಜು ಕಟ್ಟಿದರೆ ಗಾಳಿಯ ತೇವವೇ ಕಾರಣ. ಬಿಸಿಲು ಬಿದ್ದ ದಿನ ತೆಳುವಾಗಿ ಥಿನ್ನರ್ ಸಿಂಪಡಿಸಿದರೆ ತುಂಬಾ ಸಲ ತಿಳಿಯಾಗುತ್ತದೆ. ಥಿನ್ನರ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಸ್ಟೇನ್ ಮೆತ್ತಿದ ಬಟ್ಟೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಒಂದೊಂದಾಗಿ ಬಿಡಿಸಿ ಹೊರಗೆ ಹರಡಿ, ಗಟ್ಟಿಯಾಗಿ ಒಣಗಿದ ಮೇಲಷ್ಟೇ ಕಸಕ್ಕೆ ಹಾಕಿ.